ಶರತ್ಕಾಲದ ನಾಟಿ: ಸೇವಂತಿಗೆಯೋ, ಆಸ್ಟರೋ, ಹುಲ್ಲೋ?

ಬಿಸಿಲಿನ ಕಾವು ಇಳಿದು ರಾತ್ರಿ ಹೊದ್ದುಕೊಳ್ಳಬೇಕು ಅನಿಸುವ ಹೊತ್ತಿಗೆ ನರ್ಸರಿಗಳ ಮುಂದೆ ಸೇವಂತಿಗೆ ಕುಂಡಗಳು ಸಾಲಾಗಿ ಬಂದು ಕೂರುತ್ತವೆ. ಎಲೆಯೇ ಕಾಣದಷ್ಟು ಹೂವು. ಅದರ ಪಕ್ಕ ಆಸ್ಟರ್, ದಪ್ಪ ಎಲೆಯ ಸೀಡಮ್. ಹಿಂದಿನ ಸಾಲಿನಲ್ಲಿ ಗಾಳಿಗೆ ತೂಗುವ ಹುಲ್ಲುಗಳು. ಮೂಲೆಯಲ್ಲಿ ಹೂ ಮುಗಿದ, ಎಲೆ ಬಾಡಿದ ಕುಂಡಗಳ ಒಂದು ಗುಂಪು. ಅವನ್ನು ಯಾರೂ ಮುಟ್ಟುವುದಿಲ್ಲ. ಇದರಲ್ಲಿ ಯಾವುದನ್ನು ಮನೆಗೆ ತರಬೇಕು?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಈ ಕಾಲದಲ್ಲಿ ಗಿಡ ಆರಿಸುವಾಗ ಹೂವಿಗಿಂತ ಬೇರನ್ನು ಜಾಸ್ತಿ ನೋಡಬೇಕು. ನೆಲ ಹೆಪ್ಪುಗಟ್ಟುವ ಮೊದಲು ಈ ಗಿಡ ಕುಂಡದ ಮಣ್ಣು ದಾಟಿ ನಮ್ಮ ಮಣ್ಣಿಗೆ ಬೇರು ಚಾಚುತ್ತದೆಯೇ? ಇದೊಂದು ಪ್ರಶ್ನೆ ಕೇಳಿಕೊಂಡರೆ ಅರ್ಧ ಆಯ್ಕೆ ಮುಗಿದ ಹಾಗೆ.

ಶರತ್ಕಾಲದಲ್ಲಿ ಗಾಳಿ ಬೇಗ ತಣ್ಣಗಾಗುತ್ತದೆ, ಮಣ್ಣು ನಿಧಾನವಾಗಿ. ಬೇಸಿಗೆಯಿಡೀ ಕುಡಿದ ಬಿಸಿಯನ್ನು ನೆಲ ಇನ್ನೂ ಹಲವು ವಾರ ಹಿಡಿದಿಟ್ಟುಕೊಂಡಿರುತ್ತದೆ. ಮೇಲೆ ಎಲೆ ಬಿಡುವ ಗಡಿಬಿಡಿ ಇಲ್ಲ, ಬಿಸಿಲಿಗೆ ನೀರು ಆರುವ ಭಯವೂ ಕಡಿಮೆ. ಹಾಗಾಗಿ ಗಿಡ ತನ್ನ ಶಕ್ತಿಯನ್ನು ಬೇರಿಗೆ ಹಾಕುತ್ತದೆ. ಮಣ್ಣಿನ ಉಷ್ಣತೆ ಸುಮಾರು 5 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವವರೆಗೂ ಚಳಿ ತಡೆಯುವ ಹೆಚ್ಚಿನ ಗಿಡಗಳ ಬೇರು ಅಷ್ಟಿಷ್ಟು ಬೆಳೆಯುತ್ತಲೇ ಇರುತ್ತದೆ. ನೆಲ ಹೆಪ್ಪುಗಟ್ಟಲು ಕನಿಷ್ಠ 6 ವಾರ ಇರುವಾಗಲೇ ನಾಟಿ ಮುಗಿಸಿ ಅನ್ನುವುದು ಇದಕ್ಕೇ. ಚಳಿಗಾಲದಲ್ಲೂ ನೆಲ ಹೆಪ್ಪುಗಟ್ಟದ ಕಡೆ ಇದ್ದರೆ ಈ ಲೆಕ್ಕ ಅಷ್ಟು ಬಿಗಿಯಲ್ಲ.

ಕೆಲವು ವರ್ಷಗಳ ಹಿಂದೆ ಕಂಚಿನ ಬಣ್ಣದ ದೊಡ್ಡ ಸೇವಂತಿಗೆಯೊಂದನ್ನು ತಂದು ಮಡಿಯಲ್ಲಿ ನೆಟ್ಟಿದ್ದೆ. ಮೂರು ವಾರ ಕಣ್ಣಿಗೆ ಹಬ್ಬ. ವಸಂತ ಬಂದಾಗ ಅಕ್ಕಪಕ್ಕದ ಗಿಡಗಳೆಲ್ಲ ಚಿಗುರಿದವು, ಇದು ಮಾತ್ರ ಅಲುಗಾಡಲಿಲ್ಲ. ಬುಡ ಹಿಡಿದು ಮೆಲ್ಲಗೆ ಎಳೆದೆ. ಇಡೀ ಮುದ್ದೆ ಅಚ್ಚಿನಿಂದ ಬಿಡಿಸಿದ ಹಾಗೆ ಎದ್ದು ಬಂತು. ಕುಂಡದ ಆಕಾರ ಹಾಗೇ ಇತ್ತು, ತಳದ ತೂತುಗಳ ಗುರುತು ಕೂಡ. ಬೇರುಗಳು ಒಂದರ ಮೇಲೊಂದು ಸುತ್ತಿಕೊಂಡಿದ್ದವು. ಹೊರಗೆ ಚಾಚಿದ ಹೊಸ ಬಿಳಿ ಎಳೆ ಒಂದೂ ಇರಲಿಲ್ಲ. ಅಷ್ಟು ತಿಂಗಳು ನನ್ನ ಮಡಿಯಲ್ಲೇ ಇದ್ದ ಗಿಡ ನೆಲಕ್ಕೆ ಇಳಿದೇ ಇರಲಿಲ್ಲ. ಅವತ್ತಿನಿಂದ ಕುಂಡ ಕೊಳ್ಳುವ ನನ್ನ ರೀತಿಯೇ ಬದಲಾಯಿತು.

ಸೇವಂತಿಗೆ ಮತ್ತು ಆಸ್ಟರ್

ಸೇವಂತಿಗೆ ಹೀಗೇಕೆ ಮಾಡುತ್ತದೆ? ಅದು ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವ ಗಿಡ. ಗಿಡಗಳು ಹಗಲು ರಾತ್ರಿಯ ಉದ್ದ ನೋಡಿಕೊಂಡು ಹೂ ಬಿಡುತ್ತವೆ ಎಂದು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದ್ದರು. ಅವರು ಇದನ್ನು ಕಂಡದ್ದು ತಂಬಾಕು ಮತ್ತು ಸೋಯಾ ಗಿಡಗಳಲ್ಲಿ. ಸೇವಂತಿಗೆ ಬೆಳೆಯುವವರಿಗೆ ಇದು ದೊಡ್ಡ ವರ. ಕತ್ತಲೆಯ ಅವಧಿ ಹೆಚ್ಚು ಕಡಿಮೆ ಮಾಡಿ ಬೇಕಾದ ವಾರಕ್ಕೆ ಹೂ ಬರಿಸಬಹುದು. ಆದರೆ ಹಾಗೆ ಮೈತುಂಬ ಹೂ ಹೊತ್ತು ಮಾರಾಟಕ್ಕೆ ಬಂದ ಗಿಡದಲ್ಲಿ ಬೇರಿಗೆ ಅಂತ ಉಳಿದ ಶಕ್ತಿ ತೀರಾ ಕಡಿಮೆ. ಹೂ ಬಿಟ್ಟು ಮುಗಿಸುವುದರಲ್ಲೇ ಅದು ಸುಸ್ತಾಗಿರುತ್ತದೆ. ಅಷ್ಟರಲ್ಲಿ ನೆಲ ತಣ್ಣಗಾಗುತ್ತದೆ. ಜೊತೆಗೆ ಕುಂಡಕ್ಕೆಂದೇ ಬೆಳೆಸಿದ ತಳಿಗಳೂ ಇವೆ. ಅವು ಹೆಪ್ಪುಗಟ್ಟುವ ಚಳಿಯನ್ನು ತಡೆಯುವ ಜಾತಿಯೇ ಅಲ್ಲ.

ಹಾಗಂತ ಸೇವಂತಿಗೆ ಬೇಡ ಅನ್ನುತ್ತಿಲ್ಲ. ಬಾಗಿಲ ಪಕ್ಕ ಕುಂಡದಲ್ಲಿಟ್ಟು ಈ ಒಂದು ಋತು ನೋಡಿ ಖುಷಿಪಡುವುದಕ್ಕೆ ಅದರಷ್ಟು ಬಣ್ಣ ಕೊಡುವ ಗಿಡ ಇನ್ನೊಂದಿಲ್ಲ. ಆಗ ಪೂರ್ತಿ ಅರಳಿದ್ದನ್ನು ತರಬೇಡಿ. ಮೊಗ್ಗುಗಳು ಬಿಗಿಯಾಗಿ, ತುದಿಯಲ್ಲಿ ಬಣ್ಣ ಇಣುಕುತ್ತಿರುವುದನ್ನು ಆರಿಸಿ. ಹೂವು ಎರಡು ವಾರ ಜಾಸ್ತಿ ಬಾಳುತ್ತದೆ. ರಾತ್ರಿಯಿಡೀ ಬೀದಿ ದೀಪ ಬೀಳುವ ಜಾಗದಲ್ಲಿ ಮೊಗ್ಗು ಕಟ್ಟದ ಗಿಡ ಇಡಬೇಡಿ, ಅದಕ್ಕೆ ರಾತ್ರಿಯಾಗಿದ್ದೇ ಗೊತ್ತಾಗುವುದಿಲ್ಲ. ವರ್ಷ ವರ್ಷ ಬರಲಿ ಅಂತಿದ್ದರೆ ಚಳಿ ತಡೆಯುವ ತಳಿ ಅಂತ ಚೀಟಿಯಲ್ಲಿ ಬರೆದಿರುವುದನ್ನು ವಸಂತದಲ್ಲಿ ನೆಡುವುದು ಒಳ್ಳೆಯದು. ಈಗಲೇ ನೆಡುವುದಾದರೆ ಋತುವಿನ ಮೊದಲ ವಾರಗಳಲ್ಲೇ ನೆಡಿ. ಹೂ ಬಾಡಿದ ಮೇಲೆ ಒಣ ಕಡ್ಡಿಗಳನ್ನು ಕತ್ತರಿಸದೆ ಹಾಗೇ ಬಿಡಿ. ಅವು ತರಗೆಲೆ, ಹಿಮ ಎರಡನ್ನೂ ಹಿಡಿದು ಬುಡಕ್ಕೆ ಕಂಬಳಿಯ ಹಾಗೆ ಆಗುತ್ತವೆ.

ಆಸ್ಟರ್ ಬೇರೆ ಸ್ವಭಾವದ್ದು. ಮೊದಲು ಒಂದು ಗೊಂದಲ ಬಿಡಿಸಬೇಕು. ಚೈನಾ ಆಸ್ಟರ್ ಎಂದು ಸಿಗುವುದು ಒಂದೇ ಋತುವಿನ ಗಿಡ, ಬೀಜ ಹಾಕಿ ಬೆಳೆಸುವುದು. ನಾನು ಹೇಳುತ್ತಿರುವುದು ಬುಡದಿಂದ ವರ್ಷ ವರ್ಷ ಚಿಗುರುವ ಪೆರೆನಿಯಲ್ ಆಸ್ಟರ್. ಅದರಲ್ಲೂ ಉತ್ತರ ಅಮೆರಿಕದ ಜಾತಿಗಳಿಗೆ 1990ರ ದಶಕದಲ್ಲಿ ಸಸ್ಯಶಾಸ್ತ್ರದವರು ಹೆಸರು ಬದಲಿಸಿದರು. ಕುಂಡದ ಚೀಟಿಯಲ್ಲಿ ಸಿಂಫಿಯೋಟ್ರಿಕಮ್ ಎಂಬ ನಾಲಿಗೆ ಹೊರಳದ ಹೆಸರು ಕಂಡರೆ ಹೆದರಬೇಡಿ, ಅದು ಅದೇ ಗಿಡ.

ಇವುಗಳಲ್ಲಿ ಹೆಚ್ಚಾಗಿ ಸಿಗುವುದು ನ್ಯೂ ಇಂಗ್ಲೆಂಡ್ ಆಸ್ಟರ್ ಮತ್ತು ನ್ಯೂಯಾರ್ಕ್ ಆಸ್ಟರ್. ಅವಳಿ ಜವಳಿ ಥರ ಕಂಡರೂ ನನ್ನ ಆಯ್ಕೆ ಮೊದಲನೆಯದು. ನ್ಯೂಯಾರ್ಕ್ ಆಸ್ಟರ್‌ಗೆ ಬೂದಿ ರೋಗ ಬಹಳ ಬೇಗ ಹತ್ತುತ್ತದೆ. ಹೂ ಬಿಡುವ ಹೊತ್ತಿಗೆ ಎಲೆಯೆಲ್ಲ ಹಿಟ್ಟು ಚೆಲ್ಲಿದ ಹಾಗಾಗಿರುತ್ತದೆ. ನ್ಯೂ ಇಂಗ್ಲೆಂಡ್ ಆಸ್ಟರ್ ಅದನ್ನು ಎಷ್ಟೋ ಚೆನ್ನಾಗಿ ತಡೆಯುತ್ತದೆ. ಅದರ ಕೊರತೆ ಅಂದರೆ ಎತ್ತರ. ಒಂದರಿಂದ ಒಂದೂವರೆ ಮೀಟರ್‌ವರೆಗೆ ಬೆಳೆದು, ಕೆಳಗಿನ ಎಲೆ ಒಣಗಿ ಕಾಲು ಬೋಳಾಗುತ್ತದೆ. ಮುಂದೆ ಸೀಡಮ್ ಥರದ ಗಿಡ್ಡ ಗಿಡ ನೆಟ್ಟರೆ ಅದು ಮುಚ್ಚಿಹೋಗುತ್ತದೆ. ಬೇಸಿಗೆಯ ನಡುವಿನವರೆಗೆ ಒಂದೆರಡು ಸಲ ತುದಿ ಚಿವುಟಿದರೆ ಗಿಡವೂ ಗಿಡ್ಡ, ಕವಲೂ ಜಾಸ್ತಿ. ಅಷ್ಟೂ ಮಾಡುವ ಪುರುಸೊತ್ತಿಲ್ಲ ಅನ್ನುವವರಿಗೆ ಪರ್ಪಲ್ ಡೋಮ್ ಎಂಬ ಗಿಡ್ಡ ತಳಿ ಇದೆ, ಅರ್ಧ ಮೀಟರ್ ಮುಟ್ಟಿದರೆ ಹೆಚ್ಚು.

ಒಣ ಮಣ್ಣು, ಸುಡುವ ಬಿಸಿಲಿನ ಜಾಗವಾದರೆ ಅರೋಮ್ಯಾಟಿಕ್ ಆಸ್ಟರ್ ನೋಡಿ. ಎಲ್ಲ ಮುಗಿದ ಮೇಲೆ ಕೊನೆಗೆ ಅರಳುವುದು ಇದೇ. ಮರದ ನೆರಳಿಗೆ ವೈಟ್ ವುಡ್ ಆಸ್ಟರ್. ಬೇಸಿಗೆಯಿಂದಲೇ ಶುರುವಾಗಿ ತಿಂಗಳುಗಟ್ಟಲೆ ಹೂ ಬೇಕು ಅಂದರೆ ಫ್ರಿಕಾರ್ಟಿ ಜಾತಿಯ ಮೋಂಖ್ ತಳಿ. ಅದಕ್ಕೆ ಸ್ವಿಟ್ಜರ್ಲೆಂಡಿನ ಶಿಖರವೊಂದರ ಹೆಸರಿಟ್ಟಿದ್ದಾರೆ. ಆದರೆ ಚಳಿಗಾಲದಲ್ಲಿ ಬುಡದಲ್ಲಿ ನೀರು ನಿಂತರೆ ಅದು ಉಳಿಯುವುದಿಲ್ಲ. ಜಿಗುಟು ಮಣ್ಣಿನವರು ಅದನ್ನು ವಸಂತಕ್ಕೆ ಬಿಡುವುದು ಮೇಲು.

ಆಸ್ಟರ್ ಪರವಾಗಿ ನಾನು ಇಷ್ಟು ಹೇಳಲು ಇನ್ನೊಂದು ಕಾರಣ ಇದೆ. ಚಳಿ ಬೆಳಗಿನಲ್ಲಿ ಬೇಗ ಎದ್ದು ಆಸ್ಟರ್ ಪೊದೆಯ ಹತ್ತಿರ ಬಗ್ಗಿ ನೋಡಿ. ಹೂವಿನ ಹಳದಿ ನಡುವನ್ನು ತಬ್ಬಿಕೊಂಡು ದಪ್ಪ ಬಂಬಲ್‌ಬೀ ಒಂದು ನಿದ್ದೆ ಮಾಡುತ್ತಿರುತ್ತದೆ. ಬೆನ್ನಿನ ರೋಮದ ತುಂಬ ಇಬ್ಬನಿಯ ಹನಿ. ಮುಟ್ಟಿದರೆ ಒಂದು ಕಾಲು ಮಾತ್ರ ನಿಧಾನಕ್ಕೆ ಮೇಲೆತ್ತುತ್ತದೆ, ಹಾರಲು ಮೈ ಬಿಸಿಯಾಗಿರುವುದಿಲ್ಲ. ಬಿಸಿಲು ತಾಗಿದ ಸ್ವಲ್ಪ ಹೊತ್ತಿಗೆ ಮೈ ನಡುಗಿಸಿಕೊಂಡು ಎದ್ದು ಹೋಗುತ್ತದೆ. ಚಳಿಗಾಲ ಕಳೆಯಬೇಕಾದ ರಾಣಿ ದುಂಬಿಗಳಿಗೆ, ವಲಸೆ ಹೋಗುವ ಚಿಟ್ಟೆಗಳಿಗೆ ಈ ಕಾಲದಲ್ಲಿ ಸಿಗುವ ಕೊನೆಯ ಒಳ್ಳೆಯ ಮಕರಂದ ಆಸ್ಟರ್‌ನಂಥ ಹೂಗಳಲ್ಲೇ. ಎಸಳು ಕಿಕ್ಕಿರಿದ ಸೇವಂತಿಗೆಯಲ್ಲಿ ಅವಕ್ಕೆ ಬಾಯಿ ಹಾಕಲು ಜಾಗವೇ ಇರುವುದಿಲ್ಲ.

ಸೀಡಮ್, ರಡ್ಬೆಕಿಯಾ, ಅನಿಮೋನ್

ನೀರು ಹಾಕಲು ಮರೆಯುವವರಿಗೆ ಸೀಡಮ್. ಆಟಮ್ ಜಾಯ್ ಎಂಬ ತಳಿ ಎಲ್ಲ ಕಡೆ ಸಿಗುತ್ತದೆ. ಜರ್ಮನಿಯ ಗೇಯೋರ್ಗ್ ಆರೆಂಡ್ಸ್ ಬೆಳೆಸಿದ ತಳಿ ಇದು. ಹೂ ಮೊದಲು ತಿಳಿ ಗುಲಾಬಿ, ಆಮೇಲೆ ಗಾಢ, ಕೊನೆಗೆ ಇಟ್ಟಿಗೆ ಕಂದು. ಒಣಗಿದ ಮೇಲೂ ಚಳಿಗಾಲವಿಡೀ ನಿಂತಿರುತ್ತದೆ. ಇದಕ್ಕೆ ಉಪಚಾರ ಜಾಸ್ತಿಯಾದರೇ ಕಷ್ಟ. ಗೊಬ್ಬರ, ನೆರಳು, ನೀರು ಮೂರೂ ಸಿಕ್ಕರೆ ನಡುವೆ ಬಾಯಿಬಿಟ್ಟು ನಾಲ್ಕೂ ಕಡೆ ಬಿದ್ದುಬಿಡುತ್ತದೆ. ನೀರು ಬಸಿಯುವ ಜಾಗದಲ್ಲಿ ಈಗ ಧಾರಾಳವಾಗಿ ನೆಡಬಹುದು.

ಹಳದಿ ಎಸಳು, ಕಪ್ಪು ನಡುವಿನ ರಡ್ಬೆಕಿಯಾದಲ್ಲಿ ಚೀಟಿ ಓದುವುದು ಮುಖ್ಯ. ಜಾತಿಯ ಹೆಸರು ಹಿರ್ಟಾ ಅಂತಿದ್ದರೆ ಎಲೆ ಒರಟು, ರೋಮ ಜಾಸ್ತಿ, ಆಯಸ್ಸು ಕಡಿಮೆ. ಒಂದೆರಡು ವರ್ಷಕ್ಕೆ ಮುಗಿಯುತ್ತದೆ. ಫುಲ್ಜಿಡಾ ಅಂತಿದ್ದರೆ ಅದು ಬಾಳುವ ಗಿಡ. ಅದರ ಗೋಲ್ಡ್‌ಸ್ಟರ್ಮ್ ತಳಿಯನ್ನು ಅಮೆರಿಕದ ಪೆರೆನಿಯಲ್ ಪ್ಲಾಂಟ್ ಅಸೋಸಿಯೇಷನ್ 1999ರ ವರ್ಷದ ಗಿಡ ಎಂದು ಆರಿಸಿತ್ತು. ಮಳೆ ಹೆಚ್ಚಿದ ವರ್ಷ ಕೆಳಗಿನ ಎಲೆಗಳಿಂದ ಕಪ್ಪು ಚುಕ್ಕೆ ರೋಗ ಮೇಲೇರುತ್ತದೆ. ಗಿಡ ಸಾಯುವುದಿಲ್ಲ, ನೋಡಲು ಬೇಸರವಾಗುತ್ತದೆ ಅಷ್ಟೆ. ಒತ್ತೊತ್ತಾಗಿ ನೆಡಬೇಡಿ.

ಜಪಾನೀಸ್ ಅನಿಮೋನ್ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಹಾನರೀನ್ ಜೋಬೆರ್ ಎಂಬ ಬಿಳಿ ತಳಿ 1858ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ್ದು, ಇವತ್ತಿಗೂ ಅದಕ್ಕೆ ಸಾಟಿಯಿಲ್ಲ. ಉದ್ದ ತೆಳು ದಂಟಿನ ಮೇಲೆ ಬಿಳಿ ಹೂ, ಅರೆನೆರಳಿನಲ್ಲೂ ಬೆಳಗುತ್ತದೆ. ಆದರೆ ಈ ಗಿಡ ಹೊಸ ಜಾಗಕ್ಕೆ ಹೊಂದಿಕೊಳ್ಳಲು ವರ್ಷ ತೆಗೆದುಕೊಳ್ಳುತ್ತದೆ. ಚಳಿ ಜೋರಾಗಿರುವ ಕಡೆ ಈಗ ನೆಡುವುದು ಜೂಜು. ಹೆಸರು ಬರೆದಿಟ್ಟುಕೊಂಡು ವಸಂತದಲ್ಲಿ ತನ್ನಿ. ಒಮ್ಮೆ ಬೇರೂರಿತು ಅಂದರೆ ನೆಲದೊಳಗೇ ಹರಿದು ಅಕ್ಕಪಕ್ಕ ಎದ್ದೇಳುತ್ತದೆ. ಜಾಗ ನೋಡಿ ನೆಡಿ.

ಹುಲ್ಲುಗಳು: ಎರಡು ಗುಂಪು

ಅಲಂಕಾರದ ಹುಲ್ಲು ಆರಿಸುವಾಗ ಹೆಚ್ಚಿನವರು ಎತ್ತರ, ಬಣ್ಣ ನೋಡುತ್ತಾರೆ. ಅದಕ್ಕೂ ಮೊದಲು ತಿಳಿಯಬೇಕಾದದ್ದು ಹುಲ್ಲು ಯಾವ ಕಾಲದಲ್ಲಿ ಬೆಳೆಯುತ್ತದೆ ಅನ್ನುವುದು. ಹುಲ್ಲುಗಳಲ್ಲಿ ತಂಪು ಕಾಲದವು, ಬಿಸಿ ಕಾಲದವು ಎಂದು ಎರಡು ಗುಂಪು. ತಂಪು ಕಾಲದ ಹುಲ್ಲು 15ರಿಂದ 24 ಡಿಗ್ರಿಯ ಹವೆಯಲ್ಲಿ ಚುರುಕು. ವಸಂತದಲ್ಲಿ ಬೇಗ ಚಿಗುರಿ, ಬೇಸಿಗೆಯಲ್ಲಿ ಸ್ವಲ್ಪ ತೂಕಡಿಸಿ, ಶರತ್ಕಾಲದಲ್ಲಿ ಮತ್ತೆ ಬೆಳೆಯುತ್ತದೆ. ಬಿಸಿ ಕಾಲದ ಹುಲ್ಲಿಗೆ 27 ಡಿಗ್ರಿ ದಾಟಬೇಕು. ಅದು ತಡವಾಗಿ ಎದ್ದು, ಬೇಸಿಗೆಯಲ್ಲಿ ಬೆಳೆದು, ಈಗ ತೆನೆ ಬಿಟ್ಟು ಮಲಗಲು ಹೊರಟಿರುತ್ತದೆ.

ಇದರ ಅರ್ಥ ಏನು ಗೊತ್ತಾ? ನರ್ಸರಿಯಲ್ಲಿ ಈಗ ಅತಿ ಚೆಂದ ಕಾಣುವ ಮಿಸ್ಕ್ಯಾಂಥಸ್, ಫೌಂಟನ್ ಗ್ರಾಸ್, ಸ್ವಿಚ್ ಗ್ರಾಸ್ ಇವೆಲ್ಲ ಬಿಸಿ ಕಾಲದವು. ನೆಟ್ಟರೆ ಈ ಋತುವಿನಲ್ಲಿ ಹೊಸ ಬೇರು ಬಿಡುವುದು ಬಹಳ ಕಡಿಮೆ. ಫೆದರ್ ರೀಡ್ ಗ್ರಾಸ್, ನೀಲಿ ಫೆಸ್ಕ್ಯೂ, ಟಫ್ಟೆಡ್ ಹೇರ್ ಗ್ರಾಸ್ ಇವು ತಂಪು ಕಾಲದವು. ಈಗ ನೆಡಲು ಹೇಳಿ ಮಾಡಿಸಿದ ಹಾಗಿವೆ.

ಒಂದೇ ಹುಲ್ಲು ನೆಡಲು ಜಾಗ ಇದೆ ಅಂದರೆ ಫೆದರ್ ರೀಡ್ ಗ್ರಾಸ್‌ನ ಕಾರ್ಲ್ ಫೋರ್ಸ್ಟರ್ ತಳಿ ನೆಡಿ. ಇದು ಅದೇ ಪೆರೆನಿಯಲ್ ಪ್ಲಾಂಟ್ ಅಸೋಸಿಯೇಷನ್ನಿನ 2001ರ ವರ್ಷದ ಗಿಡವಾಗಿತ್ತು. ಕಾರ್ಲ್ ಫೋರ್ಸ್ಟರ್ ಎಂಬವರು ಜರ್ಮನಿಯ ಪಾಟ್ಸ್‌ಡ್ಯಾಮ್‌ನಲ್ಲಿ ನರ್ಸರಿ ನಡೆಸುತ್ತಿದ್ದರು. ತೋಟಕ್ಕೆ ಹುಲ್ಲನ್ನು ತಂದು ಗೌರವ ಕೊಟ್ಟವರಲ್ಲಿ ಅವರು ದೊಡ್ಡವರು. ಈ ಹುಲ್ಲು ಬೀಜ ಬಿಟ್ಟು ಹರಡುವುದಿಲ್ಲ, ಬುಡ ತನ್ನ ಜಾಗದಲ್ಲೇ ದಪ್ಪವಾಗುತ್ತದೆ. ಬೇಸಿಗೆಯ ಆರಂಭದಲ್ಲೇ ತೆನೆ ಏರಿ, ಒಂದೂವರೆ ಮೀಟರ್ ಎತ್ತರಕ್ಕೆ ನೆಟ್ಟಗೆ ನಿಲ್ಲುತ್ತದೆ. ಮಳೆಗೆ ಬಾಗಿದರೂ ಒಣಗಿದ ಮೇಲೆ ಮತ್ತೆ ನೆಟ್ಟಗಾಗುತ್ತದೆ. ಹಿಮ ಬಿದ್ದ ಮೇಲೂ ಅದರ ಬಂಗಾರದ ಕಡ್ಡಿಗಳು ಕಾಣುತ್ತಿರುತ್ತವೆ.

ಬಿಸಿ ಕಾಲದವುಗಳಲ್ಲಿ ನನಗಿಷ್ಟವಾದದ್ದು ಲಿಟಲ್ ಬ್ಲೂಸ್ಟೆಮ್. ಬೇಸಿಗೆಯಲ್ಲಿ ನೀಲಿ ಹಸಿರು, ಚಳಿ ಬಿದ್ದಂತೆ ತಾಮ್ರದ ಕೆಂಪು. ಬಡ ಮಣ್ಣಲ್ಲೇ ಚೆನ್ನಾಗಿ ನಿಲ್ಲುತ್ತದೆ, ಗೊಬ್ಬರ ಕೊಟ್ಟರೆ ಮಲಗುತ್ತದೆ. ಸ್ವಿಚ್ ಗ್ರಾಸ್‌ನಲ್ಲಿ ನಾರ್ತ್‌ವಿಂಡ್ ತಳಿ ಕಂಬದ ಹಾಗೆ ನಿಲ್ಲುತ್ತದೆ. ಫೌಂಟನ್ ಗ್ರಾಸ್‌ನ ಮೆತ್ತನೆ ತೆನೆ ಈಗ ಸುಂದರ, ಆದರೆ ಚಳಿಗಾಲದ ನಡುವಿಗೆ ಉದುರಿಹೋಗುತ್ತದೆ. ನೆರಳಿಗೆ ಹಕೋನೆಕ್ಲೋವಾ ಎಂಬ ಜಪಾನಿನ ಹುಲ್ಲು ಬಿಟ್ಟರೆ ಒಳ್ಳೆಯ ಆಯ್ಕೆ ಕಡಿಮೆ. ಇವೆಲ್ಲವನ್ನೂ ಈಗ ನೋಡಿ ಮೆಚ್ಚಿಕೊಳ್ಳಿ, ವಸಂತ ಕಳೆದು ನೆಲ ಬಿಸಿಯಾದ ಮೇಲೆ ನೆಡಿ. ಈಗಲೇ ನೆಡಬೇಕು ಅಂತಿದ್ದರೆ ದೊಡ್ಡ ಕುಂಡದ್ದನ್ನೇ ತಗೊಳ್ಳಿ, ಸಣ್ಣ ಕುಂಡದ್ದು ಚಳಿ ದಾಟುವುದು ಕಷ್ಟ.

ಎರಡು ಎಚ್ಚರಿಕೆ. ನೇರಳೆ ಬಣ್ಣದ ಫೌಂಟನ್ ಗ್ರಾಸ್ ಚಳಿ ತಡೆಯುವ ಹುಲ್ಲುಗಳ ಪಕ್ಕದಲ್ಲೇ ಇಟ್ಟಿರುತ್ತದೆ, ಆದರೆ ಅದು ಬಿಸಿ ನಾಡಿನ ಗಿಡ. ನೆಲ ಹೆಪ್ಪುಗಟ್ಟಿದರೆ ಸತ್ತ ಹಾಗೆಯೇ. ಇನ್ನು ಮಿಸ್ಕ್ಯಾಂಥಸ್ ಮತ್ತು ಪಂಪಾಸ್ ಗ್ರಾಸ್ ಕೆಲವು ದೇಶಗಳಲ್ಲಿ ಬೀಜ ಹಾರಿ ತೋಟದಾಚೆ ಕಾಡು, ಬಯಲು ಹೊಕ್ಕಿವೆ. ಪಂಪಾಸ್ ನ್ಯೂಜಿಲೆಂಡಿನಲ್ಲೂ ಕ್ಯಾಲಿಫೋರ್ನಿಯಾದಲ್ಲೂ ದೊಡ್ಡ ಕಳೆ. ನೀವಿರುವ ಕಡೆ ಅವನ್ನು ನೆಡಬಹುದೇ ಎಂದು ವಿಚಾರಿಸದೆ ತರಬೇಡಿ.

ಖಾಲಿ ಜಾಗಕ್ಕೆ ಈಗಲೇ ಬಣ್ಣ ಬೇಕಾದರೆ

ಪ್ಯಾನ್ಸಿ, ವಯೋಲಾ ಎರಡರಲ್ಲಿ ವಯೋಲಾ ತನ್ನಿ. ಹೂ ಸಣ್ಣದು, ಆದರೆ ಸಂಖ್ಯೆ ಜಾಸ್ತಿ, ಮಳೆ ಹೊಡೆದರೂ ಬೇಗ ಚೇತರಿಸಿಕೊಳ್ಳುತ್ತದೆ. ಪ್ಯಾನ್ಸಿಯ ದೊಡ್ಡ ಎಸಳು ನೆನೆದು ಮುದ್ದೆಯಾಗುತ್ತದೆ. ಅಲಂಕಾರದ ಕೋಸು ಚಳಿ ಏರಿದಷ್ಟೂ ಬಣ್ಣ ಏರಿಸಿಕೊಳ್ಳುತ್ತದೆ, ಬೆಚ್ಚಗಿರುವಾಗ ಸಪ್ಪೆ.

ಈಗ ಬೇಡವಾದವು, ಈಗಲೇ ಬೇಕಾದವು

ಲ್ಯಾವೆಂಡರ್, ಗೌರಾ, ಚಳಿ ಅಷ್ಟಾಗಿ ತಡೆಯದ ಸಾಲ್ವಿಯಾ, ಪೆನ್ಸ್ಟೆಮನ್ ಇವನ್ನು ವಸಂತಕ್ಕೆ ಮುಂದೂಡಿ. ಇವಕ್ಕೆ ಚಳಿಗಿಂತ ಚಳಿಗಾಲದ ಒದ್ದೆ ದೊಡ್ಡ ಶತ್ರು. ಹೊಸದಾಗಿ ನೆಟ್ಟ ಬುಡ ಅದನ್ನು ತಡೆಯುವುದಿಲ್ಲ. ಪಿಯೋನಿ ಇದಕ್ಕೆ ತದ್ವಿರುದ್ಧ. ಕುಂಡ, ಮಣ್ಣು ಇಲ್ಲದೆ ಸಿಗುವ ಅದರ ಬರಿ ಬೇರನ್ನು ನೆಡಲು ಶರತ್ಕಾಲವೇ ಸರಿ. ಕೆಂಪು ಮೊಗ್ಗಿನ ಕಣ್ಣುಗಳು ಮಣ್ಣಿನ ಕೆಳಗೆ 3ರಿಂದ 5 ಸೆಂಟಿಮೀಟರ್ ಮಾತ್ರ ಇರಲಿ. ಇನ್ನೂ ಆಳ ಹೋದರೆ ಎಲೆ ಬರುತ್ತದೆ, ಹೂ ಬರುವುದಿಲ್ಲ.

ಕುಂಡ ತೆಗೆದು ನೋಡಿ

ಚೀಟಿಯಲ್ಲಿ ಗಿಡ ತಡೆಯುವ ಚಳಿಯ ವಲಯದ ಸಂಖ್ಯೆ ಇರುತ್ತದೆ. ಅಮೆರಿಕದ ಕೃಷಿ ಇಲಾಖೆಯ ನಕ್ಷೆಯಲ್ಲಿ ಇಂಥ 13 ವಲಯಗಳಿವೆ, ಸಂಖ್ಯೆ ಚಿಕ್ಕದಾದಷ್ಟೂ ಚಳಿ ಜಾಸ್ತಿ. ಕುಂಡದಲ್ಲೇ ಚಳಿಗಾಲ ಕಳೆಯಬೇಕಾದ ಗಿಡವಾದರೆ ನಿಮ್ಮ ವಲಯಕ್ಕಿಂತ ಎರಡು ಸಂಖ್ಯೆ ಕಡಿಮೆಯದನ್ನು ಆರಿಸಿ. ಕುಂಡದ ಮಣ್ಣಿಗೆ ನಾಲ್ಕೂ ಕಡೆಯಿಂದ ಚಳಿ ಹೊಡೆಯುತ್ತದೆ.

ಆಮೇಲೆ ನರ್ಸರಿಯವರನ್ನು ಕೇಳಿ, ಬುಡಕ್ಕೆ ಕೈ ಕೊಟ್ಟು ಗಿಡವನ್ನು ಕುಂಡದಿಂದ ಮೆಲ್ಲಗೆ ಹೊರಗೆ ಜಾರಿಸಿ. ಬಿಳಿ ಅಥವಾ ತಿಳಿ ಕಂದು ಬೇರು, ನಡುನಡುವೆ ಮಣ್ಣು ಕಾಣುತ್ತಿದ್ದರೆ ಒಳ್ಳೆಯದು. ಕಪ್ಪಾಗಿ ಮೆತ್ತಗಾಗಿ ಕೊಳೆತ ವಾಸನೆ ಬಂದರೆ ಹೂ ಎಷ್ಟೇ ಚೆಂದವಿರಲಿ ವಾಪಸ್ ಇಡಿ. ಮೂಲೆಯಲ್ಲಿದ್ದ ಆ ಬಾಡಿದ ಗುಂಪನ್ನೂ ಹೀಗೇ ಪರೀಕ್ಷಿಸಿ. ನನ್ನ ಅತ್ಯುತ್ತಮ ಆಸ್ಟರ್ ಸಿಕ್ಕಿದ್ದು ಅಲ್ಲಿಂದಲೇ. ಎಲೆಯೆಲ್ಲ ಕಂದಾಗಿತ್ತು, ಆದರೆ ಬುಡದ ಸುತ್ತ ಮುಂದಿನ ವರ್ಷದ ಪುಟ್ಟ ಹಸಿರು ಚಿಗುರುಗಳು ಆಗಲೇ ಕೂತಿದ್ದವು.

ಸುತ್ತಿಕೊಂಡ ಬೇರಿದ್ದರೆ ಬೆರಳಿನಿಂದ ಬಿಡಿಸಿ, ಆಗದಿದ್ದರೆ ಮೂರು ನಾಲ್ಕು ಕಡೆ ಚಾಕುವಿನಿಂದ ಗೀರಿ. ನನ್ನ ಸೇವಂತಿಗೆಗೆ ನಾನು ಮಾಡದೆ ಬಿಟ್ಟದ್ದು ಇದನ್ನೇ. ಗುಂಡಿಯ ಅಗಲ ಕುಂಡದ ಎರಡರಷ್ಟಿರಲಿ, ಆಳ ಕುಂಡದಷ್ಟೇ ಸಾಕು. ಗೊಬ್ಬರ ಬೇಡ, ಈಗ ಎಳೆ ಚಿಗುರು ಬಂದರೆ ಚಳಿಗೆ ಸುಡುತ್ತದೆ. ಹವೆ ತಂಪಾಯಿತು ಅಂತ ನೀರು ನಿಲ್ಲಿಸಬೇಡಿ, ನೆಲ ಹೆಪ್ಪುಗಟ್ಟುವವರೆಗೂ ಮಣ್ಣು ಮುಟ್ಟಿ ನೋಡಿ ಕೊಡುತ್ತಿರಿ. ನೆಲ ಚೆನ್ನಾಗಿ ತಣ್ಣಗಾದ ಮೇಲೆ 5ರಿಂದ 8 ಸೆಂಟಿಮೀಟರ್ ತರಗೆಲೆ ಹೊದಿಸಿ, ಬುಡಕ್ಕೆ ತಾಗದ ಹಾಗೆ. ಇಲ್ಲದಿದ್ದರೆ ನೆಲ ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟುವಾಗ ಉಬ್ಬಿ ಹೊಸ ಗಿಡವನ್ನು ಮೇಲಕ್ಕೆ ತಳ್ಳಿಬಿಡುತ್ತದೆ. ಹಾಗೆ ಎದ್ದದ್ದು ಕಂಡರೆ ಕಾಲಿನಿಂದ ಮೆಲ್ಲಗೆ ಒತ್ತಿ ಕೂರಿಸಿ.

ಗುದ್ದಲಿ ಕೈಯಲ್ಲಿರುವಾಗಲೇ ಹುಲ್ಲಿನ ಸುತ್ತ ಒಂದಿಷ್ಟು ಡ್ಯಾಫೊಡಿಲ್ ಗೆಡ್ಡೆ ಹಾಕಿ, ಗೆಡ್ಡೆಯ ಎತ್ತರದ ಮೂರರಷ್ಟು ಆಳಕ್ಕೆ. ಟ್ಯುಲಿಪ್ ಆದರೆ ಇನ್ನೂ ಕೆಲವು ವಾರ ಕಾಯಿರಿ, ನೆಲ ತಂಪಾದಷ್ಟೂ ಅದಕ್ಕೆ ರೋಗ ಕಡಿಮೆ. ಒಣ ಹುಲ್ಲನ್ನು ಈಗ ಕತ್ತರಿಸಬೇಡಿ. ಚಳಿಗಾಲದ ಕೊನೆಗೆ, ಹೊಸ ಚಿಗುರು ಬರುವ ಮೊದಲು, ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಬಿಟ್ಟು ಕತ್ತರಿಸಿ. ಆಗ ಬಿದ್ದ ಬೆಳಕಿನಲ್ಲಿ ಡ್ಯಾಫೊಡಿಲ್ ಅರಳುತ್ತದೆ. ಅದರ ಎಲೆ ಹಳದಿಯಾಗಿ ಜೋತುಬೀಳುವ ಹೊತ್ತಿಗೆ ಹುಲ್ಲು ಮೊಣಕಾಲೆತ್ತರ ಬಂದು ಅದನ್ನು ಮರೆಮಾಡಿರುತ್ತದೆ.